ರೋಹಿಣಿ ನಕ್ಷತ್ರದ ವೇಗ: ಗೆರೆ ಸರಿದದ್ದನ್ನು ಓದುವುದು ಹೇಗೆ?

ರೋಹಿಣಿ ಬರಿಗಣ್ಣಿಗೇ ಕೆಂಪಗೆ ಕಾಣುತ್ತದೆ. ಅದು ನಮ್ಮಿಂದ ದೂರ ಹೋಗುತ್ತಿರುವುದೂ ನಿಜ. ಆದರೆ ಇವೆರಡಕ್ಕೂ ಸಂಬಂಧ ಇಲ್ಲ, ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಅದರ ಮೇಲ್ಮೈ ಬಿಸಿ ಸುಮಾರು 3,900 ಕೆಲ್ವಿನ್, ಸೂರ್ಯನಿಗಿಂತ ಕಡಿಮೆ, ಅದಕ್ಕೇ ಆ ಬಣ್ಣ. ದೂರ ಹೋಗುವಾಗ ಆಗುವ ಕೆಂಪು ಪಲ್ಲಟ ಅಂದ್ರೆ ನಕ್ಷತ್ರ ಕೆಂಪಾಗುವುದಲ್ಲ, ಅದರ ವರ್ಣಪಟಲದಲ್ಲಿ, ಅಂದ್ರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ, ಇರುವ ಕಪ್ಪು ಗೆರೆಗಳು ಕೆಂಪಿನ ಕಡೆಗೆ ಒಂಚೂರು ಸರಿಯುವುದು. ಹತ್ತಿರ ಬರುತ್ತಿದ್ದರೆ ನೀಲಿ ಕಡೆಗೆ.

ಲೆಕ್ಕ ಸುಲಭ. ಹೈಡ್ರೋಜನ್-ಆಲ್ಫಾ ಎಂಬ, ಹೈಡ್ರೋಜನ್‌ನಿಂದ ಮೂಡುವ ಗೆರೆಯ ತರಂಗಾಂತರ ಪ್ರಯೋಗಾಲಯದಲ್ಲಿ 656.28 ನ್ಯಾನೊಮೀಟರ್. ರೋಹಿಣಿಯ ಬೆಳಕಿನಲ್ಲಿ ಅದು ಸುಮಾರು 0.118 ನ್ಯಾನೊಮೀಟರ್ ಜಾಸ್ತಿ. ಈ 0.118ನ್ನು 656.28ರಿಂದ ಭಾಗಿಸಿ, ಬೆಳಕಿನ ವೇಗದಿಂದ (ಸೆಕೆಂಡಿಗೆ ಸುಮಾರು 3,00,000 ಕಿ.ಮೀ.) ಗುಣಿಸಿ. ಸೆಕೆಂಡಿಗೆ ಸುಮಾರು 54 ಕಿ.ಮೀ. ಬಂತಲ್ವಾ? ಅಷ್ಟೇ.

ಆದರೆ ದೂರದರ್ಶಕದಲ್ಲಿ ನೇರವಾಗಿ ಈ 0.118 ಸಿಗುವುದಿಲ್ಲ, ಪರೀಕ್ಷೆಯ ಲೆಕ್ಕಗಳಲ್ಲಿ ಈ ಮಾತನ್ನು ಹೇಳುವುದೇ ಕಡಿಮೆ. ನಾವು ನಿಂತಿರುವ ಭೂಮಿಯೇ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತಿದೆ. ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿಗೆ ರೋಹಿಣಿ ಹತ್ತಿರವೇ ಇರುವುದರಿಂದ ಈ ಓಟ ಹೆಚ್ಚುಕಡಿಮೆ ಪೂರ್ತಿಯಾಗಿ ಅಳತೆಗೆ ಸೇರಿಕೊಳ್ಳುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ನಾವು ಅದರ ಕಡೆಗೇ ಹೋಗುತ್ತಿರುತ್ತೇವೆ, ಆಗ ಕಾಣುವ ವೇಗ 24ರ ಆಸುಪಾಸು. ಮಾರ್ಚ್ ಆರಂಭದಲ್ಲಿ ಬೆನ್ನು ಹಾಕಿ ಓಡುತ್ತೇವೆ, ಆಗ 84ರ ಹತ್ತಿರ. ನಕ್ಷತ್ರ ಅದೇ, ಗೆರೆ ಮಾತ್ರ ವರ್ಷವಿಡೀ ಆಚೀಚೆ ಆಡುತ್ತದೆ. ಅದಕ್ಕೇ ಅಳತೆಯ ದಿನ, ಸಮಯ ಎರಡನ್ನೂ ಬರೆದಿಟ್ಟು, ಭೂಮಿಯ ಪಾಲನ್ನು ಕಳೆದು, ಸೂರ್ಯನಿಂದ ನೋಡಿದರೆ ಎಷ್ಟು ಅಂತ ವೇಗ ಹೇಳುವುದು ರೂಢಿ.

ಇನ್ನೊಂದು ಮಿತಿ: ಗೆರೆ ಹೇಳುವುದು ನಮ್ಮ ದೃಷ್ಟಿಯ ನೇರಕ್ಕೆ ಇರುವ ವೇಗವನ್ನಷ್ಟೇ. ಅಡ್ಡಕ್ಕೆ ಎಷ್ಟು ಸರಿಯುತ್ತಿದೆ ಎಂದು ತಿಳಿಯಲು ಆಕಾಶದಲ್ಲಿ ಅದರ ಸ್ಥಾನ ವರ್ಷಕ್ಕೆ ಎಷ್ಟು ಬದಲಾಗುತ್ತದೆ, ಅದು ಎಷ್ಟು ದೂರದಲ್ಲಿದೆ ಎರಡೂ ಬೇಕು. ರೋಹಿಣಿಯ ಅಡ್ಡ ವೇಗ ಸೆಕೆಂಡಿಗೆ ಸುಮಾರು 19 ಕಿ.ಮೀ. ಪೈಥಾಗೊರಸ್ ಹಾಕಿದರೆ ಒಟ್ಟು ಸುಮಾರು 57.

ಗೆರೆ ಓದುವ ಈ ವಿಧಾನ ಎಷ್ಟು ಸೂಕ್ಷ್ಮಕ್ಕೆ ಹೋಗಬಲ್ಲದು ಅಂದ್ರೆ, 1995ರಲ್ಲಿ ಖಗೋಳ ವಿಜ್ಞಾನಿಗಳಾದ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ 51 ಪೆಗಾಸಿ ಎಂಬ ನಕ್ಷತ್ರ ಸುಮಾರು 4.2 ದಿನಕ್ಕೊಮ್ಮೆ ಹಿಂದೆ ಮುಂದೆ ತೂಗುವುದನ್ನು ಹಿಡಿದರು. ವೇಗದ ಏರಿಳಿತ ಸೆಕೆಂಡಿಗೆ 60 ಮೀಟರಿಗೂ ಕಡಿಮೆ! ಗೆರೆ ಸರಿದದ್ದು ಒಂದು ನ್ಯಾನೊಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಒಂದೇ ಗೆರೆಯಲ್ಲಿ ಇದು ಕಾಣುವುದಿಲ್ಲ. ಸಾವಿರಾರು ಗೆರೆಗಳನ್ನು ಒಟ್ಟಿಗೆ ಹೋಲಿಸಿ, ಪಕ್ಕದಲ್ಲೇ, ಸ್ಥಾನ ಮೊದಲೇ ಗೊತ್ತಿರುವ ಥೋರಿಯಂ ದೀಪದ ಗೆರೆಗಳನ್ನೂ ದಾಖಲಿಸಿ, ಉಪಕರಣವೇ ಅಲುಗಾಡಿಲ್ಲ ಎಂದು ಖಚಿತ ಮಾಡಿಕೊಂಡರು. ಆ ತೂಗಾಟಕ್ಕೆ ಕಾರಣ, ನಕ್ಷತ್ರವನ್ನು ಸುತ್ತುತ್ತಿರುವ ಒಂದು ದೊಡ್ಡ ಗ್ರಹ.