‘ಸೆಲ್’ ಎಂಬ ಪುಟ್ಟ ಕೋಣೆ

“ಬ್ಯಾಟರಿಗೆ ಎರಡು ಸೆಲ್ಲು ಕೊಡಿ” ಎಂದು ಹಳ್ಳಿಯ ಅಂಗಡಿಗಳಲ್ಲಿ ಕೇಳುವುದು ರೂಢಿ. ಇಲ್ಲಿ ಬ್ಯಾಟರಿ ಎಂದರೆ ಟಾರ್ಚು. ಸೆಲ್ಲು ಎಂದರೆ ಅದರ ಕೊಳವೆಯೊಳಗೆ ಒಂದರ ಹಿಂದೆ ಒಂದು ಕೂರುವ ವಿದ್ಯುತ್ಕೋಶ. ಇಂಗ್ಲಿಷ್ ಆಡುಮಾತಿನಲ್ಲಿ ಬಿಡಿ ಸೆಲ್ಲಿಗೂ ಬ್ಯಾಟರಿ ಎನ್ನುವುದುಂಟು. ಆದರೆ ಬಿಡಿಯದು ಸೆಲ್, ಹಲವು ಸೆಲ್‌ಗಳ ಜೋಡಣೆ ಬ್ಯಾಟರಿ ಎಂಬ ಭೌತವಿಜ್ಞಾನದ ಭೇದಕ್ಕೆ ನಮ್ಮ ಹಳ್ಳಿಯ ಮಾತೇ ಹೆಚ್ಚು ಹತ್ತಿರವಾಗಿದೆ.

ಈ ಪದದ ಮೂಲ ಲ್ಯಾಟಿನ್ನಿನ ‘ಸೆಲ್ಲಾ’, ಅಂದರೆ ಚಿಕ್ಕ ಕೋಣೆ ಅಥವಾ ಉಗ್ರಾಣ. ರೋಮನ್ನರು ದೇಗುಲದ ಗರ್ಭಗೃಹವನ್ನೂ ಜೇನಿನ ಎರಿಯಲ್ಲಿರುವ ಕೋಣೆಯನ್ನೂ ಇದೇ ಪದದಿಂದ ಕರೆದರು. ಕ್ರೈಸ್ತ ಸನ್ಯಾಸಿಯ ಕೊಠಡಿಗೂ, ಮುಂದೆ ಸೆರೆಮನೆಯ ಕೊಠಡಿಗೂ ಇದೇ ಹೆಸರು ನಿಂತಿತು.

ವಿಜ್ಞಾನಕ್ಕೆ ಈ ಪದವನ್ನು ತಂದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಸೀಸೆಗೆ ಬಿರಡೆಯಾಗುವ ಕಾರ್ಕನ್ನು ಹರಿತವಾದ ಚಾಕುವಿನಿಂದ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಅದರ ತುಂಬ ಎರಿಯಲ್ಲಿರುವಂತಹ ಪೊಳ್ಳು ಕೋಣೆಗಳು ಅವನಿಗೆ ಕಂಡವು. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ದಲ್ಲಿ ಅವನು ಅವುಗಳನ್ನು ಸೆಲ್ ಎಂದು ಕರೆದ. ಸನ್ಯಾಸಿಗಳ ಕೊಠಡಿಯನ್ನು ನೆನೆದು ಹೀಗೆ ಹೆಸರಿಟ್ಟನೆಂಬ ಮಾತು ಪ್ರಚಲಿತವಾಗಿದ್ದರೂ, ಅವನ ಬರಹದಲ್ಲಿ ಬರುವ ಹೋಲಿಕೆ ಜೇನಿನ ಎರಿಯದೇ. ಅವನ ಶ್ರದ್ಧೆಯನ್ನು ನೋಡಬೇಕು: ಅಂಗುಲದ 18ನೇ ಒಂದು ಭಾಗದ ಉದ್ದದಲ್ಲಿ ಸುಮಾರು 60 ಕೋಣೆಗಳನ್ನು ಎಣಿಸಿ, ಒಂದು ಘನ ಅಂಗುಲದಲ್ಲಿ 1,25,97,12,000 ಇರಬೇಕೆಂದು ಲೆಕ್ಕಹಾಕಿದ.

ಆದರೆ ಹುಕ್ ಕಂಡದ್ದು ಜೀವ ಹೋದ ಮೇಲೆ ಉಳಿದ ಗೋಡೆಗಳನ್ನು ಮಾತ್ರ. ಜೀವವಿರುವುದು ಗೋಡೆಯೊಳಗಿನ ದ್ರವ್ಯದಲ್ಲಿ. ಪ್ರಾಣಿಗಳ ಸೆಲ್‌ಗಳಿಗಂತೂ ಅಂತಹ ಗೋಡೆಯೇ ಇಲ್ಲ, ತೆಳುವಾದ ಪೊರೆಯಷ್ಟೇ ಇದೆ. ಹೀಗಾಗಿ ಕನ್ನಡದ ‘ಜೀವಕೋಶ’ ಮೂಲಪದಕ್ಕಿಂತ ಹೆಚ್ಚು ಒಪ್ಪುತ್ತದೆಂದು ನನಗೆ ಅನಿಸುತ್ತದೆ. ಕೋಶವೆಂದರೆ ಬೊಕ್ಕಸ, ಕತ್ತಿಯ ಒರೆ, ಪದಗಳನ್ನು ಕೂಡಿಟ್ಟ ನಿಘಂಟು. ಅದರಲ್ಲಿ ಗೋಡೆಗಿಂತ ಒಳಗಿರುವುದಕ್ಕೇ ಬೆಲೆ.

ವಿದ್ಯುತ್ತಿನ ಸೆಲ್ಲಿನ ಕಥೆಯಲ್ಲಿಯೂ ಕೋಣೆಯೇ ಇದೆ. 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ವಿದ್ಯುತ್ತನ್ನು ಹರಿಸುವ ತನ್ನ ಲೋಹದ ಬಿಲ್ಲೆಗಳ ಕಂಬವನ್ನು ಜಗತ್ತಿಗೆ ಪರಿಚಯಿಸಿದ ನಂತರ, ಮರದ ತೊಟ್ಟಿಯನ್ನು ಸತು ಮತ್ತು ತಾಮ್ರದ ಫಲಕಗಳಿಂದ ಅಂಕಣಗಳಾಗಿ ಭಾಗಿಸಿ, ನಡುವೆ ಆಮ್ಲದಂತಹ ದ್ರವವನ್ನು ತುಂಬುವ ಸಾಧನಗಳು ಬಂದವು. ಅಂತಹ ಒಂದೊಂದು ಅಂಕಣವೂ ಒಂದು ಸೆಲ್.

ಸೆಲ್‌ಫೋನಿನ ‘ಸೆಲ್’ಗೂ ಫೋನಿನೊಳಗಿನ ಬ್ಯಾಟರಿಗೂ ಸಂಬಂಧವಿಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಊರನ್ನು ಆರು ಮೂಲೆಗಳ ಪ್ರದೇಶಗಳಾಗಿ ವಿಂಗಡಿಸುವ ಯೋಜನೆಯನ್ನು ಮುಂದಿಟ್ಟರು. ಅಕ್ಕಪಕ್ಕದ ಪ್ರದೇಶಗಳಿಗೆ ಬೇರೆ ಬೇರೆ ತರಂಗಾಂತರಗಳನ್ನು ಕೊಟ್ಟರೆ, ದೂರದ ಪ್ರದೇಶದಲ್ಲಿ ಅದೇ ತರಂಗಾಂತರವನ್ನು ಮತ್ತೆ ಬಳಸಬಹುದು. ನಕ್ಷೆಯ ಮೇಲೆ ಬರೆದರೆ ಅದು ಜೇನಿನ ಎರಿಯಂತೆಯೇ ಕಾಣುತ್ತದೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ನಾವು ಮಾತನಾಡುತ್ತಿರುವಾಗ, ನಮ್ಮ ಕರೆ ಒಂದು ಗೋಪುರದ ಕೋಣೆಯಿಂದ ಮುಂದಿನ ಗೋಪುರದ ಕೋಣೆಗೆ ಸದ್ದಿಲ್ಲದೆ ದಾಟುತ್ತಿರುತ್ತದೆ.