ಸಜಾತಿ ಕರಣಿ: ಯಾವ ಮೂಲಕ್ಕೆ ಯಾವ ಮೂಲ ಕೂಡುತ್ತದೆ?

ಗಂಗಾವತಿ ಕಡೆ ಕಾಲುವೆ ದಂಡೆಗೆ ಹತ್ತಿಕೊಂಡು ಅಕ್ಕಪಕ್ಕ ಎರಡು ಚೌಕ ಗದ್ದೆಗಳಿವೆ ಅಂದುಕೊಳ್ಳಿ. ಒಂದು 8 ಗುಂಟೆ, ಇನ್ನೊಂದು 18 ಗುಂಟೆ. ಕಾಲುವೆ ಬದಿಗೆ ಮಾತ್ರ ಬೇಲಿ ಹಾಕಬೇಕು. ಎಷ್ಟು ಉದ್ದದ ಬೇಲಿ?

ಗುಂಟೆ ಅಂದರೆ 33 ಅಡಿಗೆ 33 ಅಡಿ ಜಾಗ. ಆ 33 ಅಡಿಯನ್ನೇ ಒಂದು ಅಳತೆ ಅಂತ ಇಟ್ಟುಕೊಂಡರೆ ಮೊದಲ ಗದ್ದೆಯ ಬದಿ √8, ಎರಡನೆಯದರದು √18. ಕೂಡಿ ಅಂದಕೂಡಲೇ ಬಹಳ ಹುಡುಗರು ಹಿಂದೆಮುಂದೆ ನೋಡದೆ √26 ಅಂತ ಬರೆದುಬಿಡುತ್ತಾರೆ. ಆದರೆ √26 ಅಂದರೆ 26 ಗುಂಟೆಯ ಒಂದೇ ಚೌಕದ ಬದಿ, ಸುಮಾರು 168 ಅಡಿ. ನಮ್ಮ ಬೇಲಿಗೆ ಬೇಕಾದದ್ದು ಸುಮಾರು 233 ಅಡಿ. 65 ಅಡಿ ಕಡಿಮೆ ಬಿತ್ತು, ಸಣ್ಣ ಲೆಕ್ಕ ಅಲ್ಲ. ಇಲ್ಲಿ ಕೂಡಬೇಕಾದದ್ದು ಬದಿಯನ್ನು, ಜಾಗವನ್ನಲ್ಲ.

ಸರಿಯಾಗಿ ಕೂಡಲು 8 ಗುಂಟೆ ಗದ್ದೆಯಲ್ಲಿ ಬದು ಹಾಕಿ ನಾಲ್ಕು ಚೌಕ ಮಡಿ ಮಾಡಿ. ಒಂದೊಂದೂ 2 ಗುಂಟೆ. ಕಾಲುವೆ ಬದಿಗೆ ಎರಡು ಮಡಿ ಬಂದವು, ಅಲ್ವಾ? ಹಾಗಾಗಿ √8 = 2√2. 18 ಗುಂಟೆಯಲ್ಲಿ ಅದೇ ಅಳತೆಯ ಮಡಿ ಒಂಬತ್ತು, ಬದಿಗೆ ಮೂರು. √18 = 3√2. ಒಟ್ಟು ಐದು ಮಡಿಗಳ ಉದ್ದ, 5√2. ಒಂದೇ ಮೂಲದೊಳಗೆ ಬರೆದರೆ √50.

√8, √18ರಂತೆ ಪೂರ್ತಿ ಬಿಡಿಸಲಾಗದ ಮೂಲಗಳಿಗೆ ಕರಣಿ ಅನ್ನುತ್ತಾರೆ. ಹೀಗೆ ಬಿಡಿಸಿದ ಮೇಲೆ ಮೂಲದೊಳಗೆ ಒಂದೇ ಸಂಖ್ಯೆ ಉಳಿದರೆ ಅವು ಸಜಾತಿ ಕರಣಿಗಳು. ಆಗ ಹೊರಗಿನ ಸಂಖ್ಯೆಗಳನ್ನಷ್ಟೇ ಕೂಡಿ, ಕಳೆಯಿರಿ. ಒಳಗಿನದನ್ನು ಮುಟ್ಟಬೇಡಿ. ಪಕ್ಕದ ಗದ್ದೆ 12 ಗುಂಟೆ ಆಗಿದ್ದರೆ? √12 = 2√3. ಎರಡೂ ಗದ್ದೆಗೆ ಸರಿಹೊಂದುವ ಒಂದೇ ಅಳತೆಯ ಚೌಕ ಮಡಿ ಎಷ್ಟು ಚಿಕ್ಕದು ಮಾಡಿದರೂ ಸಿಗುವುದಿಲ್ಲ. ಇವು ವಿಜಾತಿ. 2√2 + 2√3 ಅಂತಲೇ ಬಿಡಿ, ಅದೇ ಪೂರ್ತಿ ಉತ್ತರ. ಸುಮ್ನೆ ಎಳೆದಾಡಿ ಅದನ್ನೂ ಒಂದು ಮಾಡಲು ಹೋದಾಗಲೇ ಮಾರ್ಕ್ಸ್ ಹೋಗುವುದು ಜಾಸ್ತಿ.

ಬಿಡಿಸದೆಯೇ ಗುರುತಿಸಲು ಒಂದು ಉಪಾಯವಿದೆ. ವರ್ಗಮೂಲಗಳೊಳಗಿನ ಸಂಖ್ಯೆಗಳನ್ನು ಗುಣಿಸಿ ನೋಡಿ. 8 × 18 = 144, ಪೂರ್ಣ ವರ್ಗ; ಕೂಡುತ್ತವೆ. 8 × 12 = 96, ಅಲ್ಲ. 12ನೇ ಶತಮಾನದಲ್ಲೇ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಇದನ್ನು ಹೇಳಿದ್ದಾರೆ. ಗುಣಲಬ್ಧಕ್ಕೆ ಮೂಲ ಸಿಗದಿದ್ದರೆ ಬೇರೆಬೇರೆಯಾಗಿಯೇ ಇಡಿ ಅನ್ನುತ್ತಾರೆ. ಅವರು ಕೊಟ್ಟ ಜೋಡಿಗಳು 2 ಮತ್ತು 8, 3 ಮತ್ತು 27, 3 ಮತ್ತು 7. ಮೊದಲೆರಡು ಕೂಡಿ √18, √48 ಆಗುತ್ತವೆ. ಮೂರನೆಯದು ಕೂಡುವುದಿಲ್ಲ. ಬೇಕಂತಲೇ ಸೇರಿಸಿದ ಜೋಡಿ ಅದು, ಒಳ್ಳೆ ಮೇಷ್ಟ್ರು!

ಘನಮೂಲಕ್ಕೂ ಬಿಡಿಸಿ ಕೂಡುವ ಕ್ರಮ ಇದೇ: ∛16 + ∛54 = 2∛2 + 3∛2 = 5∛2. ಆದರೆ √2 ಮತ್ತು ∛2 ಒಳಗೆ ಅದೇ 2 ಇದ್ದರೂ ಕೂಡುವುದಿಲ್ಲ; ಒಂದು ವರ್ಗಮೂಲ, ಇನ್ನೊಂದು ಘನಮೂಲ.