ಲ್ಯೂಮೆನ್ ಒಂದನ್ನೇ ನೋಡಿದರೆ ಸಾಲದು: ಜೇಬಿನ ಟಾರ್ಚ್‌ಗಳನ್ನು ಹೋಲಿಸುವ ಲೆಕ್ಕ

ಎರಡು ಟಾರ್ಚ್‌ಗಳನ್ನು ಎದುರಿಗಿಟ್ಟುಕೊಂಡು ಶುರುಮಾಡುತ್ತೇನೆ. ಎರಡೂ ರಿಮೋಟ್‌ಗೆ ಹಾಕುವಂಥ ಒಂದೇ ಒಂದು ಎಎಎ ಸೆಲ್‌ನಲ್ಲಿ ಉರಿಯುತ್ತವೆ, ಎರಡೂ ಬೀಗದ ಕೈ ಗೊಂಚಲಿಗೆ ಸಿಕ್ಕಿಸುವಷ್ಟು ಚಿಕ್ಕವು. ಮ್ಯಾಗ್‌ಲೈಟ್ ಸಾಲಿಟೇರ್‌ನ ಎಲ್‌ಇಡಿ ಮಾದರಿಗೆ ತಯಾರಕರು ಕೊಡುವ ಅಂಕಿ 47 ಲ್ಯೂಮೆನ್, 55 ಮೀಟರ್. ಫೀನಿಕ್ಸ್ ಇ01ರ ಎರಡನೆಯ ಆವೃತ್ತಿಗೆ 100 ಲ್ಯೂಮೆನ್, 35 ಮೀಟರ್. ಎರಡು ಪಟ್ಟು ಬೆಳಕು ಕೊಡುವ ಟಾರ್ಚ್ ಇಪ್ಪತ್ತು ಮೀಟರ್ ಹಿಂದೆ ಬೀಳುತ್ತದೆ. ಅಚ್ಚಿನಲ್ಲಿ ಏನೂ ತಪ್ಪಿಲ್ಲ. ಈ ನಾಲ್ಕು ಅಂಕಿಗಳು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು ಬಿಡಿಸಿಕೊಂಡರೆ, ಯಾವ ಟಾರ್ಚ್‌ನ ಪೆಟ್ಟಿಗೆಯನ್ನಾದರೂ ಕೈಗೆತ್ತಿಕೊಂಡು ಅದರ ಬೆಳಕು ಹೇಗಿರಬಹುದು ಎಂದು ಅಂದಾಜು ಮಾಡಬಹುದು.

ಮೂರು ಅಳತೆಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಲ್ಯೂಮೆನ್ ಎಂದರೆ ಟಾರ್ಚ್‌ನ ಬಾಯಿಂದ ಹೊರಬೀಳುವ ಒಟ್ಟು ಬೆಳಕು, ಅದು ಯಾವ ದಿಕ್ಕಿಗೆ ಹೋದರೂ ಸರಿ. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ದಟ್ಟವಾಗಿದೆ ಎಂಬುದು, ಅಂದರೆ ಪ್ರತಿ ಏಕಮಾನ ಘನಕೋನಕ್ಕೆ (ಶಂಕುವಿನಂತೆ ಎಲ್ಲ ಬದಿಗೂ ತೆರೆದುಕೊಳ್ಳುವ ಕೋನಕ್ಕೆ) ಎಷ್ಟು ಲ್ಯೂಮೆನ್ ಎಂಬ ಲೆಕ್ಕ. ಲಕ್ಸ್ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಬಂದು ಬೀಳುವ ಲ್ಯೂಮೆನ್. ಮೊದಲೆರಡು ಟಾರ್ಚ್‌ನ ಸ್ವಂತ ಗುಣಗಳು. ಲಕ್ಸ್ ಮಾತ್ರ ದೂರವನ್ನು ಹೇಳದಿದ್ದರೆ ಅರ್ಥವಿಲ್ಲದ ಅಂಕಿ, ಏಕೆಂದರೆ ವಿಲೋಮ ವರ್ಗ ನಿಯಮದಂತೆ ಲಕ್ಸ್ ಎಂದರೆ ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದಾಗ ಸಿಗುವುದು.

ಪೆಟ್ಟಿಗೆಯ ಮೇಲಿನ ಮೀಟರ್ ಎಲ್ಲಿಂದ ಬರುತ್ತದೆ? ಅಮೆರಿಕದ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಮಾನಕ 2009ರಲ್ಲಿ ಬಂತು. ಅದರ ಪ್ರಕಾರ, ಬೆಳಕಿನ ನಡುಭಾಗ 0.25 ಲಕ್ಸ್‌ಗೆ ಇಳಿಯುವ ದೂರವೇ ಟಾರ್ಚ್‌ನ ದೂರ. ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳು ನೆಲದ ಮೇಲೆ ಸುಮಾರು ಇಷ್ಟೇ ಇರುತ್ತದೆ. ಇದೇ ಮಾನಕ ಲ್ಯೂಮೆನ್ ಅನ್ನು ಟಾರ್ಚ್ ಹೊತ್ತಿಸಿ 30 ಸೆಕೆಂಡ್ ಕಳೆದ ಮೇಲೆ ಅಳೆಯಬೇಕು ಎನ್ನುತ್ತದೆ. ಉರಿಯುವ ಅವಧಿಯನ್ನು ಬೆಳಕು ಶೇ 10ಕ್ಕೆ ಇಳಿಯುವವರೆಗೆ ಎಣಿಸುತ್ತದೆ. ಈ ಕೊನೆಯ ಸಂಗತಿಯನ್ನು ಗಟ್ಟಿಯಾಗಿ ನೆನಪಿಡಿ: 100 ಲ್ಯೂಮೆನ್ ಟಾರ್ಚ್ ‘ಇಷ್ಟು ಗಂಟೆ’ ಉರಿಯುತ್ತದೆ ಎಂದರೆ, ಆ ಕೊನೆಯ ನಿಮಿಷದಲ್ಲಿ ಅದು ಬರೀ 10 ಲ್ಯೂಮೆನ್ ಕೊಡುತ್ತಿರಬಹುದು.

ನನ್ನ ಮೆಚ್ಚಿನ ಅಡ್ಡದಾರಿ: ಮೀಟರ್‌ನಿಂದ ಕೋನಕ್ಕೆ

0.25 ಲಕ್ಸ್ ಎಂಬ ಗಡಿ ಎಲ್ಲರಿಗೂ ಒಂದೇ ಆದ್ದರಿಂದ ಮೀಟರ್ ಮತ್ತು ಕ್ಯಾಂಡೆಲಾ ಒಂದೇ ಮಾಹಿತಿಯ ಎರಡು ರೂಪ. ದೂರವನ್ನು ಅರ್ಧ ಮಾಡಿ, ಬಂದದ್ದನ್ನು ವರ್ಗ ಮಾಡಿದರೆ ಕ್ಯಾಂಡೆಲಾ. ಸಾಲಿಟೇರ್‌ಗೆ 55ರ ಅರ್ಧ 27.5, ಅದರ ವರ್ಗ ಸುಮಾರು 756. ಇ01ಗೆ 17.5ರ ವರ್ಗ, ಸುಮಾರು 306. ದೂರ ಎರಡು ಪಟ್ಟಾಗಲು ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು ಎಂಬುದು ಇಲ್ಲಿಂದಲೇ ಬರುತ್ತದೆ.

ಈಗ ಕ್ಯಾಂಡೆಲಾವನ್ನು ಲ್ಯೂಮೆನ್‌ನಿಂದ ಭಾಗಿಸಿ. ಸಾಲಿಟೇರ್‌ಗೆ 756 ಭಾಗಿಸು 47, ಅಂದರೆ 16. ಇ01ಗೆ 306 ಭಾಗಿಸು 100, ಅಂದರೆ 3. ಟಾರ್ಚ್ ಹೋಲಿಸಲು ಈ ಒಂದು ಸಂಖ್ಯೆಯಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ‘ಕೂಡಿಕೆ’ ಎಂದು ಹೆಸರಿಟ್ಟುಕೊಂಡಿದ್ದೇನೆ. ಟಾರ್ಚ್‌ನಲ್ಲಿ ಎಷ್ಟು ಬೆಳಕಿದೆ ಎಂಬುದನ್ನು ಅದು ಹೇಳುವುದಿಲ್ಲ. ಇರುವ ಬೆಳಕನ್ನು ಎಷ್ಟು ಬಿಗಿಯಾಗಿ ಒಂದೆಡೆ ಕೂಡಿಸಿದ್ದಾರೆ ಎಂಬುದನ್ನು ಹೇಳುತ್ತದೆ. ಮುಂದೆ ಮಸೂರವಾಗಲಿ ಸುತ್ತ ಪ್ರತಿಫಲಕವಾಗಲಿ ಇಲ್ಲದ ಬರೀ ಎಲ್‌ಇಡಿಯ ಕೂಡಿಕೆ ಸುಮಾರು 0.32, ಅಂದರೆ ಪೈಯ ವಿಲೋಮ. ಅದು ಎಲ್ಲ ಹೋಲಿಕೆಯ ತಳಮಟ್ಟ. ಅಂಥ ಎಲ್‌ಇಡಿ 100 ಲ್ಯೂಮೆನ್ ಕೊಟ್ಟರೂ 32 ಕ್ಯಾಂಡೆಲಾ ಮಾತ್ರ, 11 ಮೀಟರ್ ದಾಟುವುದಿಲ್ಲ.

ಕೂಡಿಕೆಯಿಂದ ಕೋನವೂ ಸಿಗುತ್ತದೆ. ಬೆಳಕೆಲ್ಲ ಸಮನಾಗಿ ಹರಡಿದ ಒಂದು ವೃತ್ತದಲ್ಲಿ ಬೀಳುತ್ತದೆ ಎಂದುಕೊಂಡರೆ, 65 ಅನ್ನು ಕೂಡಿಕೆಯ ವರ್ಗಮೂಲದಿಂದ ಭಾಗಿಸಿ; ಬಂದದ್ದು ಬೆಳಕಿನ ಕಂಬದ ಅಗಲ, ಡಿಗ್ರಿಗಳಲ್ಲಿ. ಸಾಲಿಟೇರ್‌ಗೆ ಸುಮಾರು 16 ಡಿಗ್ರಿ, ಇ01ಗೆ ಸುಮಾರು 37 ಡಿಗ್ರಿ. ಹತ್ತು ಮೀಟರ್ ದೂರದಲ್ಲಿ ಮೊದಲನೆಯದು 2.8 ಮೀಟರ್ ಅಗಲದ ವೃತ್ತಕ್ಕೆ 7.6 ಲಕ್ಸ್ ಕೊಡುತ್ತದೆ, ಎರಡನೆಯದು ಸುಮಾರು 6.5 ಮೀಟರ್ ಅಗಲಕ್ಕೆ 3 ಲಕ್ಸ್. ಶುರುವಿನ ಒಗಟು ಇಲ್ಲಿಗೆ ಬಿಡಿಸಿಕೊಂಡಿತು. ಇ01 ತನ್ನ ಬೆಳಕನ್ನು ಐದು ಪಟ್ಟು ದೊಡ್ಡ ಜಾಗಕ್ಕೆ ಹಂಚುತ್ತಿದೆ.

ಅಗಲದ ಈ ಲೆಕ್ಕಕ್ಕೆ ಒಂದು ಮಿತಿಯಿದೆ. ನಿಜವಾದ ಬೆಳಕು ಸಮನಾದ ವೃತ್ತವಲ್ಲ. ಪ್ರತಿಫಲಕವಿರುವ ಟಾರ್ಚ್‌ನಲ್ಲಿ ನಡುವೆ ಉಜ್ವಲ ಬೊಟ್ಟು, ಅದರ ಸುತ್ತ ಮಂಕಾದ ದೊಡ್ಡ ವೃತ್ತ. ಆ ಹೊರವೃತ್ತ ಪ್ರತಿಫಲಕವನ್ನು ತಾಕದೆ ಎಲ್‌ಇಡಿಯಿಂದ ನೇರವಾಗಿ ಹೊರಬಂದ ಬೆಳಕು. ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಕೆಲಸ ಮಾಡುವ ಪ್ಲಾಸ್ಟಿಕ್ ಮಸೂರ ಬಹುಪಾಲು ಬೆಳಕನ್ನೆಲ್ಲ ಹಿಡಿದು ಕಳಿಸುವುದರಿಂದ ಅಂಚು ಮೆಲ್ಲನೆ ಕರಗುತ್ತದೆ. ಹಾಗಾಗಿ ಕೂಡಿಕೆ ಒಂದೇ ಇದ್ದರೂ ಗೋಡೆಯ ಮೇಲಿನ ಚಿತ್ರ ಬೇರೆ ಬೇರೆ ಇರಬಹುದು.

ಹೋಗಿ ಬರುವ ಬೆಳಕು: ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದ ಹೆಜ್ಜೆ

ಟಾರ್ಚ್‌ನ ಬೆಳಕು ಮರದವರೆಗೆ ಹೋಗಬೇಕು, ಅಲ್ಲಿಂದ ನಮ್ಮ ಕಣ್ಣಿಗೆ ವಾಪಸು ಬರಬೇಕು. ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಬರುವಾಗಲೂ ಹಾಗೆಯೇ ಇಳಿಯಬೇಕಲ್ಲವೇ? ಹಾಗಿದ್ದರೆ ದೂರ ಎರಡು ಪಟ್ಟಾದಾಗ ಮರ ಹದಿನಾರು ಪಟ್ಟು ಮಂಕಾಗಬೇಕು. ಈ ಪ್ರಶ್ನೆ ಬಗೆಹರಿಯದೆ ಕ್ಯಾಂಡೆಲಾದ ಯಾವ ಲೆಕ್ಕವೂ ಮನಸ್ಸಿಗೆ ಒಪ್ಪುವುದಿಲ್ಲ. ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸುತ್ತೇನೆ.

ಸುಣ್ಣ ಬಳಿದ ದೊಡ್ಡ ಗೋಡೆಯೊಂದನ್ನು ತೆಗೆದುಕೊಳ್ಳಿ. ಮೊದಲು ಹತ್ತು ಮೀಟರ್‌ನಿಂದ ನೋಡುತ್ತೇವೆ, ಆಮೇಲೆ ಇಪ್ಪತ್ತು ಮೀಟರ್‌ನಿಂದ. ಗೋಡೆಯ ಮೇಲೆ ಬೀಳುವ ಲಕ್ಸ್ ಕಾಲು ಭಾಗಕ್ಕೆ ಇಳಿಯಿತು, ಇದು ಹೋಗುವ ದಾರಿಯ ನಷ್ಟ. ಈಗ ಬರುವ ದಾರಿ. ಗೋಡೆಯ ಒಂದು ಚದರ ಅಡಿಯಿಂದ ಹೊರಟು ನಮ್ಮ ಕಣ್ಣಪಾಪೆಯೊಳಗೆ ಹೊಗುವ ಬೆಳಕು ಕಾಲು ಭಾಗವಾಯಿತು, ಅದೂ ನಿಜ. ಆದರೆ ಅದೇ ಚದರ ಅಡಿಯ ಬಿಂಬ ಅಕ್ಷಿಪಟಲದ ಮೇಲೆ ಆಕ್ರಮಿಸುವ ಜಾಗವೂ ಕಾಲು ಭಾಗವಾಯಿತು! ಕಾಲು ಭಾಗ ಬೆಳಕು ಕಾಲು ಭಾಗ ಜಾಗದಲ್ಲಿ ಬಿದ್ದರೆ ಅಕ್ಷಿಪಟಲದ ಮೇಲಿನ ದಟ್ಟಣೆ ಹಾಗೆಯೇ ಉಳಿಯುತ್ತದೆ. ಬರುವ ದಾರಿಯಲ್ಲಿ ಗೋಡೆ ಚಿಕ್ಕದಾಗುತ್ತದೆ, ಮಂಕಾಗುವುದಿಲ್ಲ. ಹಗಲಿನಲ್ಲಿ ಬಿಳಿ ಗೋಡೆಯ ಮನೆಯಿಂದ ನಡೆಯುತ್ತಾ ದೂರ ಹೋದರೆ ಅದು ಕಪ್ಪಾಗುವುದಿಲ್ಲವಲ್ಲ, ಅದೇ ನಿಯಮ ಇದು. ಒಟ್ಟಿನಲ್ಲಿ ಗೋಡೆಯ ಮೇಲ್ಮೈ ನಾಲ್ಕು ಪಟ್ಟು ಮಂಕಾಗುತ್ತದೆ, ಹದಿನಾರು ಪಟ್ಟಲ್ಲ.

ಹದಿನಾರು ಪಟ್ಟು ಎಂಬ ಲೆಕ್ಕವೂ ಪೂರ್ತಿ ಸುಳ್ಳಲ್ಲ. ವಸ್ತು ಎಷ್ಟು ಚಿಕ್ಕದೆಂದರೆ ಅದರ ಆಕಾರವೇ ಕಣ್ಣಿಗೆ ಬಿಡಿಸಿ ಕಾಣದೆ ಬರೀ ಚುಕ್ಕಿಯಾದಾಗ, ಚುಕ್ಕಿಯ ಒಟ್ಟು ಬೆಳಕೇ ಲೆಕ್ಕಕ್ಕೆ ಬರುತ್ತದೆ, ಅದು ಹದಿನಾರು ಪಟ್ಟೇ ಇಳಿಯುತ್ತದೆ. ದೂರದಲ್ಲಿ ತೆಂಗಿನ ಮರದ ಕಾಂಡ ಕಾಣುತ್ತದೆ, ಅದರ ಬುಡದಲ್ಲಿರುವ ಸಣ್ಣ ಕಲ್ಲು ಕಾಣುವುದಿಲ್ಲ. ಅದಕ್ಕೆ ಇದೂ ಒಂದು ಕಾರಣ. ನಾಯಿ, ಬೆಕ್ಕು, ದನಗಳ ಕಣ್ಣು ಮಾತ್ರ ಈ ಲೆಕ್ಕದಿಂದ ಹೊರಗೆ. ಅವುಗಳ ಅಕ್ಷಿಪಟಲದ ಹಿಂದಿನ ಹೊಳಪಿನ ಪದರ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ. ಮೈ ಕಾಣದಷ್ಟು ದೂರದಿಂದಲೂ ಕಣ್ಣು ಮಿನುಗುತ್ತದೆ.

ಇನ್ನೊಂದು ಸಂಗತಿ: 0.25 ಲಕ್ಸ್ ಎಂಬುದು ವಸ್ತುವಿನ ಮೇಲೆ ಬೀಳುವ ಬೆಳಕು. ವಸ್ತು ಅದರಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದು ಅದರ ಬಣ್ಣಕ್ಕೆ ಸೇರಿದ್ದು. ಸುಣ್ಣದ ಗೋಡೆ ಸುಮಾರು ಶೇ 80 ಹಿಂದಿರುಗಿಸಿದರೆ ಒದ್ದೆ ಮಣ್ಣು ಶೇ 10ರ ಆಸುಪಾಸು. ಎಂಟು ಪಟ್ಟು ವ್ಯತ್ಯಾಸ. ಎಂಟರ ವರ್ಗಮೂಲ 2.8. ಗೋಡೆ 55 ಮೀಟರ್‌ನಲ್ಲಿ ಎಷ್ಟು ಬೆಳ್ಳಗೆ ಕಾಣುತ್ತದೋ ಮಣ್ಣು ಅಷ್ಟು ಕಾಣಬೇಕಾದರೆ 20 ಮೀಟರ್‌ಗಿಂತ ಹತ್ತಿರ ಬರಬೇಕು. ಮಳೆಗಾಲದಲ್ಲಿ ಮಲೆನಾಡಿನ ಅಡಿಕೆ ತೋಟದ ದಾರಿಯಲ್ಲಿ, ಕೊಳೆತ ಎಲೆಯ ಮೇಲೆ ಹಾವಿದೆಯೇ ಎಂದು ನೋಡುವವರಿಗೆ ಪೆಟ್ಟಿಗೆಯ ಮೇಲಿನ ದೂರ ಏನನ್ನೂ ಹೇಳುವುದಿಲ್ಲ. ನಾನು ಇಟ್ಟುಕೊಂಡಿರುವ ಕ್ರಮ ಇದು: ಪೆಟ್ಟಿಗೆಯ ದೂರದ ಅರ್ಧದಲ್ಲಿ 1 ಲಕ್ಸ್, ಕಾಲು ಭಾಗದಲ್ಲಿ 4 ಲಕ್ಸ್, ಹತ್ತನೇ ಒಂದರಲ್ಲಿ 25 ಲಕ್ಸ್. ನಡೆಯುವ ದಾರಿಗೆ ಕಾಲು ಭಾಗವನ್ನೇ ನಂಬುತ್ತೇನೆ. ಸಾಲಿಟೇರ್‌ಗೆ ಸುಮಾರು 14 ಮೀಟರ್, ಇ01ಗೆ ಸುಮಾರು 9.

ಕಣ್ಣಿನ ಲೆಕ್ಕ

47ರಿಂದ 100ಕ್ಕೆ ಏರಿದರೆ ಕಣ್ಣಿಗೆ ಎರಡು ಪಟ್ಟು ಕಾಣುವುದಿಲ್ಲ. ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1957ರಲ್ಲಿ ಮಂಡಿಸಿದ ಘಾತ ನಿಯಮದಂತೆ ಕತ್ತಲಲ್ಲಿ ಕಾಣುವ ಪ್ರಕಾಶ ಹೆಚ್ಚುಕಡಿಮೆ ಬೆಳಕಿನ ಘನಮೂಲದಂತೆ ಏರುತ್ತದೆ. ಎರಡು ಪಟ್ಟು ಬೆಳಕು ಒಂದೂಕಾಲು ಪಟ್ಟು ಕಾಣುತ್ತದೆ. ಎರಡು ಪಟ್ಟು ಕಾಣಬೇಕಾದರೆ ಎಂಟು ಪಟ್ಟು ಬೇಕು. 90 ಲ್ಯೂಮೆನ್‌ಗೂ 100ಕ್ಕೂ ನಡುವಿನ ವ್ಯತ್ಯಾಸಕ್ಕಾಗಿ ಹೆಚ್ಚು ಹಣ ಕೊಡಬೇಡಿ.

ಮಸೂರದೊಳಗೆ ಇಣುಕಿದರೆ

ಟಾರ್ಚ್ ಆಫ್ ಮಾಡಿ, ಕೈ ಪೂರ್ತಿ ಚಾಚಿ, ಅದರ ಬಾಯಿಯನ್ನು ನಿಮ್ಮ ಕಡೆಗೆ ನೇರವಾಗಿ ತಿರುಗಿಸಿ ಒಂದು ಕಣ್ಣಿನಿಂದ ನೋಡಿ. ಎಲ್‌ಇಡಿಯ ಮೇಲೆ ಬಳಿದಿರುವ ಹಳದಿ ಪದರ ಹಿಗ್ಗಿ ಇಡೀ ಬಾಯಿಯನ್ನು ತುಂಬಿಕೊಂಡಂತೆ ಕಂಡರೆ, ಅದು ದೂರಕ್ಕೆ ಎಸೆಯುವ ಟಾರ್ಚ್. ಹಳದಿ ಬರೀ ನಡುವೆ ಒಂದು ಚೌಕವಾಗಿ ಉಳಿದು ಸುತ್ತ ಬೆಳ್ಳಿಯ ಬಣ್ಣವೋ ಕಪ್ಪೋ ಕಂಡರೆ ಬೆಳಕು ಹರಡುತ್ತದೆ. ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಹಳದಿ ಥಟ್ಟನೆ ಮಾಯವಾದರೆ ಬೆಳಕಿನ ಕಂಬ ಸಣ್ಣದು, ನಿಧಾನವಾಗಿ ಮಾಯವಾದರೆ ಅಗಲ. ಬೆಳಕು ಹೋಗುವ ದಾರಿಯಲ್ಲೇ ಹಿಂದಿರುಗಬಲ್ಲದು ಎಂಬ ನಿಯಮದಿಂದ ಈ ಪರೀಕ್ಷೆ ಸಿದ್ಧವಾಗುತ್ತದೆ. ಅಂಗಡಿಯ ಬೆಳಕಿನಲ್ಲಿ ನಿಂತೇ ಮಾಡಬಹುದು.

ಇದೇ ಮಾತನ್ನು ಸಂಖ್ಯೆಯಲ್ಲಿ ಹೇಳಿದರೆ, ಗರಿಷ್ಠ ಕ್ಯಾಂಡೆಲಾ ಎಂದರೆ ಎಲ್‌ಇಡಿಯ ಪ್ರತಿ ಚದರ ಮಿಲಿಮೀಟರ್‌ನ ಪ್ರಖರತೆ ಗುಣಿಸು ಬಾಯಿಯ ವಿಸ್ತೀರ್ಣ, ಅದರಲ್ಲಿ ಒಂದಿಷ್ಟು ನಷ್ಟ ಕಳೆಯಬೇಕು. ಬಾಯಿಯ ವ್ಯಾಸ ಅರ್ಧವಾದರೆ ಕ್ಯಾಂಡೆಲಾ ಕಾಲು ಭಾಗ. ಜೇಬಿಗೆ ಹಿಡಿಯುವ ಟಾರ್ಚ್ ದೂರದ ಪಂದ್ಯದಲ್ಲಿ ದೊಡ್ಡ ತಲೆಯ ಟಾರ್ಚ್‌ಗೆ ಸೋಲುವುದಕ್ಕೆ ಮುಖ್ಯ ಕಾರಣ ಬಾಯಿಯ ಈ ಅಗಲ. ಮುಂದೆ ಹಿಂದೆ ಎಳೆಯುವ ಜೂಮ್ ಟಾರ್ಚ್‌ಗಳಲ್ಲಿ ಪೀನ ಮಸೂರವನ್ನು ಮುಂದಕ್ಕೆ ಎಳೆದಾಗ ಬೊಟ್ಟು ಪ್ರಖರವಾಗುತ್ತದೆ, ಆದರೆ ಮಸೂರ ಎಲ್‌ಇಡಿಯಿಂದ ದೂರ ಸರಿದು ಕಡಿಮೆ ಬೆಳಕನ್ನು ಹಿಡಿಯುವುದರಿಂದ ಲ್ಯೂಮೆನ್ ಇಳಿಯುತ್ತದೆ.

ಸೆಲ್‌ನ ಗಡಿ

ಮರುಚಾರ್ಜ್ ಆಗುವ ಎಎಎ ಸೆಲ್‌ನಲ್ಲಿ 1.2 ವೋಲ್ಟ್, 800 ಮಿಲಿಆಂಪಿಯರ್-ಗಂಟೆ ಎಂದರೆ ಸರಿಸುಮಾರು ಒಂದು ವಾಟ್-ಗಂಟೆ. ಸಣ್ಣ ಟಾರ್ಚ್ ಒಂದು ವಾಟ್‌ಗೆ 100 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 100 ಲ್ಯೂಮೆನ್ ಒಂದು ಗಂಟೆ, ಅಥವಾ 25 ಲ್ಯೂಮೆನ್ ನಾಲ್ಕು ಗಂಟೆ. ಇದಕ್ಕಿಂತ ತುಂಬಾ ಹೆಚ್ಚಿನ ಭರವಸೆ ಕೊಡುವ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬನ್ನಿ. ಇದೇ ದರದಲ್ಲಿ ‘ಒಂದು ಲಕ್ಷ ಲ್ಯೂಮೆನ್’ ಎಂದು ಬರೆದ ಟಾರ್ಚ್‌ಗೆ ಸಾವಿರ ವಾಟ್ ಬೇಕು, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಅಂಗೈಯಲ್ಲಿ ಹಿಡಿಯುವ ವಸ್ತುವಿನಲ್ಲಿ ಅದು ಸಾಧ್ಯವಿಲ್ಲ.

ಮನೆಯಲ್ಲಿ ಅಳೆಯುವುದು

ಬಹುತೇಕ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಪರದೆಯ ಮೇಲ್ಭಾಗದಲ್ಲಿ ಬೆಳಕಿನ ಸಂವೇದಕವಿರುತ್ತದೆ, ಲಕ್ಸ್ ತೋರಿಸುವ ಆ್ಯಪ್ ಹಾಕಿಕೊಂಡರೆ ಸಾಕು. ಕ್ಯಾಂಡೆಲಾಗೆ ಕತ್ತಲ ಕೋಣೆಯಲ್ಲಿ ಮೂರು ಮೀಟರ್ ಅಳೆದು, ಟಾರ್ಚ್ ಹೊತ್ತಿಸಿ ಅರ್ಧ ನಿಮಿಷ ಬಿಟ್ಟು, ಬೊಟ್ಟಿನ ನಡುವನ್ನು ಸಂವೇದಕದ ಮೇಲೆ ಬೀಳಿಸಿ, ಬಂದ ಲಕ್ಸ್ ಅನ್ನು ಒಂಬತ್ತರಿಂದ ಗುಣಿಸಿ. ಸಾಲಿಟೇರ್ ಹೇಳಿದ ಮಾತಿಗೆ ತಕ್ಕಂತಿದ್ದರೆ 84 ಲಕ್ಸ್ ಬರಬೇಕು, ಇ01 ಆದರೆ 34. ಒಂದು ಮೀಟರ್‌ನಲ್ಲಿ ಅಳೆಯಬೇಡಿ. ಅಷ್ಟು ಹತ್ತಿರದಲ್ಲಿ ಕೆಲವು ಟಾರ್ಚ್‌ಗಳ ಬೊಟ್ಟು ಇನ್ನೂ ಕೂಡಿಕೊಂಡಿರುವುದಿಲ್ಲ. ಎರಡು ಮತ್ತು ನಾಲ್ಕು ಮೀಟರ್‌ಗಳ ಲಕ್ಸ್ ನಡುವೆ ನಾಲ್ಕು ಪಟ್ಟು ವ್ಯತ್ಯಾಸವಿದ್ದರೆ ಅಳತೆ ಸರಿಯಾದ ದೂರದಲ್ಲಿದೆ.

ಲ್ಯೂಮೆನ್‌ಗೆ ಟಾರ್ಚ್ ಅನ್ನು ನೆಟ್ಟಗೆ ನಿಲ್ಲಿಸಿ ಬಿಳಿ ಸೂರಿನ ಕಡೆ ಬೆಳಕು ಬಿಡಿ, ಮೊಬೈಲ್ ಅನ್ನು ಟಾರ್ಚ್ ಕಾಣದ ಒಂದೇ ಜಾಗದಲ್ಲಿ ಮಲಗಿಸಿ. ಲಕ್ಸ್‌ಗಳ ಅನುಪಾತವೇ ಹೆಚ್ಚುಕಡಿಮೆ ಲ್ಯೂಮೆನ್‌ಗಳ ಅನುಪಾತ. ನಂಬಿಕೆಯ ಅಂಕಿಯಿರುವ ಒಂದು ಟಾರ್ಚ್ ಇದ್ದರೆ ಉಳಿದೆಲ್ಲವನ್ನೂ ಅದರ ಪಕ್ಕದಲ್ಲಿಟ್ಟು ತೂಗಬಹುದು. ಫೋಟೊ ತೆಗೆದು ಹೋಲಿಸುವವರು ಐಎಸ್‌ಒ, ಶಟರ್ ವೇಗ, ಬಿಳಿ ಸಮತೋಲನ ಮೂರನ್ನೂ ಕೈಯಾರೆ ಕಟ್ಟಿಹಾಕಿ. ಸ್ವಯಂಚಾಲಿತ ಕ್ಯಾಮೆರಾ ಮಂಕಾದದ್ದನ್ನು ಎತ್ತಿ ಪ್ರಖರವಾದದ್ದನ್ನು ತಗ್ಗಿಸಿ ಎರಡು ಟಾರ್ಚ್‌ಗಳನ್ನೂ ಒಂದೇ ತೂಕಕ್ಕೆ ತಂದುಬಿಡುತ್ತದೆ.